ತೌಡಿಗೆ ಕೊಂಡ ಕೂಸು

ಆಗಷ್ಟೇ ಹುಟ್ಟಿದ ಮೊಮ್ಮಗನನ್ನು ಮೊರದಲ್ಲಿ ಮಲಗಿಸಿ ಅಜ್ಜಿ ನನ್ನ ಮುಂದೆ ಹಿಡಿದರು. "ಮೊದಲ್ನೇವು ಎಲ್ಡೂ ಉಳೀಲಿಲ್ಲ ಕಣವ್ವ. ಒಂದ್ಹಿಡಿ ತೌಡು ಕೊಟ್ಟು ಇದನ್ನ ನೀವೇ ಕೊಂಡ್ಕಳಿ. ನಮ್ದಲ್ಲ ಅಂದ್ರೆ ಜವರಾಯ ಇತ್ತ ತಿರುಗಿ ನೋಡಕಿಲ್ಲ."

ಹೆರಿಗೆ ಮಾಡಿಸಲು ಐ.ಡಿ.ಹಳ್ಳಿಗೆ ಎತ್ತಿನ ಗಾಡಿಯಲ್ಲಿ ಹೋಗಿದ್ದ ಸರ್ಕಾರಿ ಮಿಡ್‌ವೈಫ್ ನಾನು. ಅವರ ಮನೆಯ ತೌಡನ್ನೇ ಅವರಿಗೆ ಕೊಟ್ಟು ಕೂಸನ್ನು ಕೊಂಡೆ. ಮರುಗಳಿಗೆಯೇ ಅಜ್ಜಿ ಅದರ ಹೊಕ್ಕುಳಿಗೆ ಹಚ್ಚಲು ಒಲೆಯ ಬೂದಿ ತಂದರು.

"ನನ್ನ ಕೂಸಿಗೆ ಬೂದಿ ಹಚ್ಚಬೇಡಿ," ಎಂದೆ.

ನಿಮ್ಮದಲ್ಲ ಎಂದು ಅಜ್ಜಿ ಅಂದರೆ ಕೂಸು ಮತ್ತೆ ಅವರದೇ ಆಗಿಬಿಡುತ್ತದೆ. ಅಜ್ಜಿ ಬೂದಿಯನ್ನು ಒಲೆಗೇ ಸುರಿದರು.

ಕೂಸು ಉಳಿಯಿತು. ಆಮೇಲೆ ಹೆರಿಗೆಯಾದ ಮನೆಯವರೆಲ್ಲ ನನ್ನ ಮುಂದೆ ಮೊರ ಹಿಡಿದರು. ಈಗ ಆ ಊರಲ್ಲಿ ನನಗೆ ಹನ್ನೊಂದು ಮಕ್ಕಳು. ಮಧುಗಿರಿಯಲ್ಲಿ ನಮ್ಮಮ್ಮ ಮಾತ್ರ ಇನ್ನೂ ನನಗೆ ಗಂಡು ಹುಡುಕುತ್ತಿದ್ದಾರೆ.