ಊಟಕ್ಕೆ ತೊಂದರೆಯಿಲ್ಲ

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಆಗ ನಮ್ಮ ಸೀಮೆಗೆ ಬರುತ್ತಿದ್ದ ಪ್ರವಾಸಿಗರೆಲ್ಲ ನಂದಿಗೆ ಬಂದು, ಬೆಟ್ಟ ಹತ್ತಿ ಇಳಿದು, ದ್ರಾಕ್ಷಿ ಕೊಂಡು ಬೆಂಗಳೂರಿಗೆ ವಾಪಸಾಗುತ್ತಿದ್ದರು. ಮಿಕ್ಕ ತಾಲ್ಲೂಕುಗಳಲ್ಲೂ ನೋಡುವಂಥದ್ದೇನಾದರೂ ಇದ್ದೀತೆಂದು ಯಾರೂ ಯೋಚಿಸುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಒಬ್ಬ ನಿವೃತ್ತ ಹೆಡ್ಮಾಸ್ಟರಿಗೆ ಇದು ಸಹಿಸಲಾಗದ ಸಂಗತಿ. ಅವರು ನಾಲ್ಕೈದು ಜನ ಮೇಷ್ಟರುಗಳನ್ನು ಸೇರಿಸಿ, ಯಾರೂ ಕಾಲಿಡದ ಊರುಗಳಿಗೆಂದೇ ಒಂದು ಪ್ರವಾಸಿ ಕೈಪಿಡಿಯನ್ನು ಅಚ್ಚು ಹಾಕಿಸಲು ಹೊರಟರು. ಗೌರಿಬಿದನೂರಿನ ಕಡೆ ಒಬ್ಬರ ಪಾಲಿಗೆ ಬಂತು, ಚಿಂತಾಮಣಿಯ ಕಡೆ ನನ್ನ ಪಾಲಿಗೆ. ಪ್ರತಿ ಊರಿಗೂ ಮೂರು ತಲೆಬರಹ: ದಾರಿ, ನೋಡತಕ್ಕದ್ದು, ಊಟ. ಯಾವುದನ್ನೂ ಖಾಲಿ ಬಿಡಕೂಡದೆಂದು ಅವರ ಕಟ್ಟಪ್ಪಣೆ.

ನನ್ನ ಪಟ್ಟಿಯಲ್ಲಿ ಅಕ್ಕನನ್ನು ಕೊಟ್ಟ ಊರೂ ಇತ್ತು. ಚಿಂತಾಮಣಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ. ಊರಾಚೆ ಒಂದು ಗುಡ್ಡ, ಗುಡ್ಡದ ಮೇಲೆ ಕೆತ್ತನೆ ಕಂಬಗಳ ಹಳೇ ಗುಡಿ. ದಾರಿ ಬರೆದೆ, ಗುಡಿಯ ಬಗ್ಗೆ ಬರೆದೆ. ಊಟದ ತಲೆಬರಹಕ್ಕೆ ಬಂದು ಪೆನ್ನು ನಿಂತಿತು. ಊರಿನಲ್ಲಿ ಹೋಟೆಲಿಲ್ಲ, ಛತ್ರವಿಲ್ಲ, ಇದ್ದದ್ದು ಒಂದು ಬೀಡಿ ಅಂಗಡಿ. ನಾನಾಗ ಅಕ್ಕನ ಮನೆಯ ಜಗಲಿಯಲ್ಲೇ ಕೂತಿದ್ದೆ, ಮುದ್ದೆ ಬಸ್ಸಾರು ಹೊಟ್ಟೆ ತುಂಬ ಉಂಡು ತೇಗುತ್ತಿದ್ದೆ. ಹೀಗೆ ಬರೆದುಬಿಟ್ಟೆ: ‘ಊಟಕ್ಕೆ ತೊಂದರೆಯಿಲ್ಲ. ಬಸ್ಸಿಳಿದರೆ ಎದುರಿಗೆ ಕಾಣುವ ಹುಣಸೆ ಮರದ ಪಕ್ಕದ ದೊಡ್ಡ ಮನೆಯವರು ಯಾರನ್ನೂ ಹಸಿದು ಕಳಿಸುವುದಿಲ್ಲ.’ ಬರೆದದ್ದನ್ನು ಎರಡು ಸಲ ಓದಿಕೊಂಡು ಬೀಗಿದೆ. ಹೆಡ್ಮಾಸ್ಟರು ಎಲ್ಲರೆದುರು ಆ ಸಾಲನ್ನು ಗಟ್ಟಿಯಾಗಿ ಓದಿ, ‘ಮಾಹಿತಿ ಅಂದರೆ ಹೀಗಿರಬೇಕು’ ಎಂದರು.

ಅಕ್ಕ ಆಗ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಿದ್ದಳು. ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ಬರುವುದಿತ್ತು, ಪಾಸಾದರೆ ಅಲ್ಲಿ ಟೀಚರಾಗಬಹುದೆಂಬ ಆಸೆ. ಅವಳಿಗೆ ಪುಸ್ತಕ ತಂದುಕೊಟ್ಟವನು ನಾನು, ಆಸೆ ಹುಟ್ಟಿಸಿದವನೂ ನಾನು. ಭಾವ ಒಪ್ಪಿದ್ದರು, ಆದರೆ ಒಂದು ಷರತ್ತಿನ ಮೇಲೆ: ‘ಮನೆ ಕೆಲಸ ಒಂದಿನ ನಿಂತ್ರೂ ಪುಸ್ತಕ ಅಟ್ಟಕ್ಕೆ ಹೋಗುತ್ತೆ, ನೋಡು.’ ಹಾಗಾಗಿ ಅವಳಿಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಎರಡು ಗಂಟೆ ಮಾತ್ರ. ಎಲ್ಲರದ್ದೂ ಊಟವಾಗಿ, ಗಂಡಸರು ಹೊಲಕ್ಕೆ ಹೋದ ಮೇಲೆ, ದನ ಮನೆಗೆ ಬರುವ ತನಕ. ಪಡಸಾಲೆಯ ಕಂಬಕ್ಕೊರಗಿ ಕೂತು ಅವಳು ಬೀಜಗಣಿತ ಮಾಡುತ್ತಿದ್ದಳು.

ಕೈಪಿಡಿ ಅಚ್ಚಾಗಿ ಹೊರಬಂತು. ದಸರಾ ರಜೆಯಲ್ಲಿ ಅದನ್ನು ಹಿಡಿದು ಮೊದಲನೆಯವರು ಬಂದರು. ಕೊಡೆ ಹಿಡಿದ ಒಬ್ಬ ದೊಡ್ಡ ಮನುಷ್ಯರು, ಅವರ ಹೆಂಡತಿ, ಮೂವರು ಮಕ್ಕಳು. ಮಧ್ಯಾಹ್ನದ ಬಸ್ಸಿಳಿದವರೇ, ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹುಣಸೆ ಮರ ನೋಡಿದರು, ಮನೆ ನೋಡಿದರು, ಒಳಗೆ ಬಂದು ‘ಊಟ ರೆಡಿ ಇದೆಯೇನ್ರೀ?’ ಎಂದು ಕೇಳಿದರು. ಅಕ್ಕನ ಮಾವನಿಗೆ ಹಿಡಿಸಲಾರದಷ್ಟು ಸಂತೋಷ. ‘ನಮ್ಮನೆ ಪುಸ್ತಕದಾಗೆ ಬಂದೈತಾ? ನಮ್ಮ ಹುಡುಗನೇ ಅಲ್ವಾ ಬರೆದಿರೋದು! ರಾ ನಾಯನಾ, ಕುಂತ್ಕೋ’ ಎಂದು ಚಾಪೆ ಹಾಸಿದರು. ಬಂದವರು ದುಡ್ಡು ತೆಗೆದರೆ ಮುದುಕರಿಗೆ ಸಿಟ್ಟು ಬಂತು. ಅನ್ನ ಮಾರುವ ಮನೆ ಇದಲ್ಲ ಎಂದರು. ಒಳಗೆ ಅಕ್ಕ ಎರಡನೇ ಸಲ ಒಲೆ ಹಚ್ಚಿದಳು.

ಆಮೇಲೆ ವಾರಕ್ಕೆ ಎರಡು ಮೂರು ತಂಡ ಬರತೊಡಗಿದವು. ನನ್ನ ಓದುಗರೆಲ್ಲ ಶಿಸ್ತಿನ ಜನ, ಪುಸ್ತಕದಲ್ಲಿದ್ದದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಮೊದಲು ಗುಡ್ಡ, ಆಮೇಲೆ ಊಟ, ನಾಲ್ಕು ಗಂಟೆಯ ಬಸ್ಸು ಬರುವ ತನಕ ಪಡಸಾಲೆಯಲ್ಲಿ ಒಂದು ನಿದ್ದೆ. ಒಬ್ಬಾತ ಗುಡ್ಡದಿಂದ ಇಳಿದು ಬಂದು, ‘ಹದಿನಾರು ಕಂಬ ಅಂತ ಹಾಕಿದ್ದಾರೆ, ಅಲ್ಲಿರೋದು ಹದಿನಾಲ್ಕು’ ಎಂದು ಅಕ್ಕನ ಹತ್ತಿರ ಜಗಳಕ್ಕೇ ನಿಂತನಂತೆ. ಕಂಬಗಳನ್ನು ನಾನು ಎಣಿಸಿಯೇ ಇರಲಿಲ್ಲ, ಅಂದಾಜಿನಲ್ಲಿ ಬರೆದಿದ್ದೆ. ಭಾನುವಾರ ಲೆಕ್ಕ ಹೇಳಿಕೊಡಲು ನಾನು ಹೋದರೆ ಎರಡು ತಂಡ ಬಂದು ಕೂತಿರುತ್ತಿದ್ದವು. ಅಕ್ಕ ಮುದ್ದೆ ತಿರುವುತ್ತಿದ್ದಳು, ನಾನು ಎಲೆ ಹಾಕಿ ಬಡಿಸುತ್ತಿದ್ದೆ. ಲೆಕ್ಕದ ಪುಸ್ತಕ ಗೂಡಿನಲ್ಲೇ ಇರುತ್ತಿತ್ತು.

ದೀಪಾವಳಿಯ ಹೊತ್ತಿಗೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ‘ಅದೊಂದು ಸಾಲು ತೆಗೆಸಿಬಿಡೋ. ಮಾವನಿಗೆ ಹೇಳಕ್ಕಾಗಲ್ಲ, ಅವರಿಗೆ ಅದೇ ದೊಡ್ಡಸ್ತಿಕೆ. ನಿಮ್ಮ ಭಾವನಿಗೆ ಹೇಳಿದ್ರೆ ಓದೋದೇ ಬಿಡು ಅಂತಾರೆ. ನಂಗೆ ಆ ಎರಡು ಗಂಟೆ ಸಿಕ್ಕಿದ್ರೆ ಸಾಕು ಕಣೋ, ಪಾಸಾಗ್ತೀನಿ’ ಎಂದಳು. ತೆಗೆಸುತ್ತೇನೆಂದು ಮಾತು ಕೊಟ್ಟೆ. ಮಾತು ಕೊಡುವಾಗ ನಿಜವಾಗಿಯೂ ತೆಗೆಸುವವನಿದ್ದೆ.

ಕೈಪಿಡಿ ಬೇಗ ಖರ್ಚಾಯಿತು. ಎರಡನೇ ಸಲ ಅಚ್ಚು ಹಾಕಿಸಲು ಸಂಕ್ರಾಂತಿಗೆ ಮೊದಲು ಹೆಡ್ಮಾಸ್ಟರು ನಮ್ಮೆಲ್ಲರನ್ನೂ ಚಿಕ್ಕಬಳ್ಳಾಪುರಕ್ಕೆ ಕರೆಸಿದರು. ಒಂದೊಂದೇ ಪುಟ ತೆಗೆದು ತಿದ್ದುಪಡಿ ಕೇಳುತ್ತಾ ಹೋದರು. ನನ್ನ ಸರದಿ ಬಂತು. ಬಸ್ಸು ಈಗ ಹನ್ನೆರಡೂವರೆಗಲ್ಲ, ಒಂದು ಗಂಟೆಗೆ ಬರುತ್ತದೆ ಎಂದೆ. ಬರೆದುಕೊಂಡರು. ‘ಊಟದ ಸಾಲು ಸರಿಯಾಗಿದೆ ತಾನೆ? ತುಂಬಾ ಜನ ಮೆಚ್ಚಿ ಕಾಗದ ಬರೆದಿದ್ದಾರೆ’ ಎಂದು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಅದು ನನ್ನ ಅಕ್ಕನ ಅಡುಗೆಮನೆ, ಅವಳನ್ನು ಒಂದು ಮಾತೂ ಕೇಳದೆ ಬರೆದೆ, ಹೊಡೆದುಹಾಕಿ ಎನ್ನಬೇಕಿತ್ತು. ನಾಲ್ಕು ಜನ ಮೇಷ್ಟರು ಕಾಫಿ ಲೋಟ ಹಿಡಿದು ನನ್ನ ಕಡೆಯೇ ನೋಡುತ್ತಿದ್ದರು. ಅವರೆದುರು ಸಣ್ಣವನಾಗಲು ನನಗೆ ಮನಸ್ಸು ಬರಲಿಲ್ಲ. ‘ಸರಿಯಾಗಿದೆ ಸಾರ್’ ಎಂದೆ. ಹೆಡ್ಮಾಸ್ಟರು ಪುಟ ಮಗುಚಿದರು.

ಶಿಡ್ಲಘಟ್ಟದ ಬಸ್ಸಿನಲ್ಲಿ ಕೂತಾಗ, ನಾಳೆಯೇ ಕಾಗದ ಹಾಕಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಇಷ್ಟರಲ್ಲಿ ಅಚ್ಚಾಗಿಯೇ ಹೋಯಿತು.

ಮಾರ್ಚಿನಲ್ಲಿ ಅಕ್ಕ ಚಿಂತಾಮಣಿಗೆ ಹೋಗಿ ಪರೀಕ್ಷೆ ಬರೆದಳು. ಕನ್ನಡದಲ್ಲಿ ಒಳ್ಳೇ ಮಾರ್ಕ್ಸು, ಲೆಕ್ಕದಲ್ಲಿ ಫೇಲು. ಪತ್ರಿಕೆಯಲ್ಲಿ ಅವಳ ನಂಬರು ಹುಡುಕಿ ಹುಡುಕಿ ಸಿಗದೆ, ಆ ಸುದ್ದಿ ಹೊತ್ತು ಅವಳ ಮನೆಗೆ ಹೋದವನೂ ನಾನೇ. ಅವಳು ಅಳಲಿಲ್ಲ. ‘ಬಿಡು, ಬೀಜಗಣಿತ ನಂಗೆ ಹತ್ತಲಿಲ್ಲ’ ಎಂದಳು. ಸುಳ್ಳು. ಬೀಜಗಣಿತ ಅವಳಿಗೆ ನನಗಿಂತ ಚೆನ್ನಾಗಿ ಹತ್ತುತ್ತಿತ್ತು.

ಜೂನ್ ತಿಂಗಳಲ್ಲಿ ಮತ್ತೆ ಹೋದೆ. ಬಂದವರ್ಯಾರೋ ಹೊಸ ಅಚ್ಚಿನ ಪುಸ್ತಕವನ್ನು ಅಲ್ಲೇ ಮರೆತು ಹೋಗಿದ್ದರು. ಅಕ್ಕ ಅದನ್ನು ತಂದು, ನನ್ನ ಪುಟ ತೆರೆದು, ಮುಂದಿಟ್ಟಳು.

‘ಬಸ್ಸಿನ ಟೈಮು ತಿದ್ದಿಸಿದೀಯ. ಅದರ ಕೆಳಗಡೆ ಸಾಲು ಹಂಗೇ ಐತಲ್ಲೋ?’

ಆಗಲಾದರೂ ನಿಜ ಹೇಳಬಹುದಿತ್ತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು, ಹೊಡೆದಿದ್ದರೂ ಹೊಡೆಸಿಕೊಳ್ಳಬಹುದಿತ್ತು. ‘ನಾನು ಹೊಡೆದುಹಾಕಿದ್ದೆ ಅಕ್ಕ, ಪ್ರೆಸ್ಸಿನವರು ಮರೆತಿದ್ದಾರೆ’ ಎಂದುಬಿಟ್ಟೆ. ನಾಲಗೆ ಒಂದಿಷ್ಟೂ ತಡವರಿಸಲಿಲ್ಲ.

ಅಕ್ಕನ ಮುಖ ತಿಳಿಯಾಯಿತು. ‘ಹಂಗಾ! ನೀನೇ ಬೇಕೂಂತ ಬಿಟ್ಯೇನೋ ಅಂತ ಎರಡು ದಿನದಿಂದ ಅನ್ನ ಇಳೀಲಿಲ್ಲ ಕಣಪ್ಪ. ಪಾಪ, ಪ್ರೆಸ್ಸಿನೋರಿಗೂ ಎಷ್ಟು ಕೆಲಸವೋ ಏನೋ’ ಎಂದಳು. ಪುಸ್ತಕ ಮುಚ್ಚಿ, ‘ಏಳು, ಕೈ ತೊಳ್ಕೊ, ತಟ್ಟೆ ಹಾಕ್ತೀನಿ’ ಎಂದು ಒಳಗೆ ಹೋದಳು. ಅವಳು ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಪ್ರೆಸ್ಸಿನವರನ್ನು ಅವತ್ತೇ ಕ್ಷಮಿಸಿದ್ದಳು.