ಹೆಸರು ಬರೆಯದ ಬಾಟಲಿಗಳು

ಗೂಡ್ಸ್ ರೈಲಿನ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಬೀರೂರು ಸ್ಟೇಷನ್ನಿನ ಹಿಂದಿನ ಓಣಿಗೆ ಬೆಳಗಿನ ಐದೂವರೆಗೆ ಬರುತ್ತದೆ. ಮೊದಲು ದೂರದಲ್ಲೊಂದು ಢಣ್. ಆಮೇಲೆ ಆ ಢಣ್ ಡಬ್ಬಿಯಿಂದ ಡಬ್ಬಿಗೆ ಓಡಿ ಬಂದು, ಮನೆಯ ಗೋಡೆಗೇ ತಾಗಿತೇನೋ ಎಂಬಂತೆ ನಿಲ್ಲುತ್ತದೆ. ನೂರೈನಳಿಗೆ ಆ ಸದ್ದಿಗೇ ಎದೆಯಲ್ಲಿ ಹಾಲು ಇಳಿಯುತ್ತಿತ್ತು. ದಿನವೂ ಅದೇ ಹೊತ್ತಿಗೆ ಹಾಲು ತೆಗೆಯುವ ಪಂಪ್ ಹಿಡಿದು ಕೂತು ಕೂತು, ಮೈಗೆ ರೈಲಿನ ಟೈಮು ರೂಢಿಯಾಗಿಬಿಟ್ಟಿತ್ತು.

ಅಜ್ಜಂಪುರದ ಹುಡುಗಿ ಅವಳು. ಲ್ಯಾಬ್ ಟೆಕ್ನಿಷಿಯನ್ ಓದಿ, ಮದುವೆಯಾಗಿ ಬೀರೂರಿಗೆ ಬಂದವಳು. ಗಂಡ ಜುಲ್ಫಿಕರ್ ಕೊಬ್ಬರಿ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆಯ ಮುಖ ನೋಡುವವನು. ಮಗ ಉಮರ್‌ಗೆ ಐದು ತಿಂಗಳು ತುಂಬಿದಾಗ ನೂರೈನ್ ಕಡೂರಿನ ಲ್ಯಾಬಿಗೆ ಮತ್ತೆ ಹೋಗತೊಡಗಿದಳು. ಹೋಗಲು ಸಾಧ್ಯವಾದದ್ದು ಅತ್ತೆ ಕುಬ್ರಾ ಇದ್ದುದರಿಂದ. ‘ನೀ ಹೋಗು ಬೇಟಿ, ಮಗೂನ ನಾ ನೋಡ್ಕೋತೀನಿ’ ಎಂದು ಬ್ಯಾಗನ್ನು ಕೈಗೆ ಕೊಟ್ಟು ಕಳಿಸಿದ್ದೇ ಆಕೆ.

ಲ್ಯಾಬಿನಲ್ಲಿ ಮಧ್ಯಾಹ್ನ ಎರಡು ಸಲ ಇಸಿಜಿ ತೆಗೆಯುವ ಪುಟ್ಟ ಕೋಣೆಯ ಪರದೆ ಎಳೆದುಕೊಂಡು ಹಾಲು ತೆಗೆಯುತ್ತಿದ್ದಳು. ಹೊರಗೆ ಜೊತೆಯವಳು ನಯನ ಕಾವಲು. ಯಾರಾದರೂ ಬಾಗಿಲ ಹತ್ತಿರ ಬಂದರೆ, “ಒಳಗೆ ಪೇಷೆಂಟ್ ಅವ್ರೆ ಕಣ್ರೀ, ಎದೇದೇ ಕೇಸು,” ಎಂದು ತಡೆಯುತ್ತಿದ್ದಳು. ಒಳಗೆ ನೂರೈನ್ ನಗು ತಡೆದುಕೊಳ್ಳುತ್ತಿದ್ದಳು. ರಕ್ತದ ಸ್ಯಾಂಪಲ್ ಇಡುವ ಫ್ರಿಜ್ಜಿನಲ್ಲಿ ಮಗುವಿನ ಹಾಲಿಡಲು ಮನಸ್ಸು ಒಪ್ಪದೆ, ಟಿಫಿನ್ ಬ್ಯಾಗಿಗೆ ಐಸ್ ಪ್ಯಾಕ್ ತುಂಬಿ ತರುತ್ತಿದ್ದಳು. ಸಂಜೆ ಬಸ್ಸಿನಲ್ಲಿ ಆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡರೆ ಮಗುವೇ ಮಲಗಿದಂತೆ.

ಪ್ರತಿ ಬಾಟಲಿಗೂ ಲ್ಯಾಬಿನ ಸ್ಟಿಕ್ಕರ್. ಅದರ ಮೇಲೆ ತಾರೀಖು, ಹೊತ್ತು. ಹೆಸರಿಲ್ಲದ ಸ್ಯಾಂಪಲ್ ಬಂದರೆ ವಾಪಸ್ಸು ಕಳಿಸುವವಳು ಅವಳೇ. ಮನೆಯ ಬಾಟಲಿಗೆ ಮಾತ್ರ ಹೆಸರು ಬರೆಯುತ್ತಿರಲಿಲ್ಲ. ಮನೆಯಲ್ಲಿ ಕುಡಿಯುವವನು ಒಬ್ಬನೇ ತಾನೆ?

ಕುಬ್ರಾಗೆ ಮೊದಮೊದಲು ಆ ಬಾಟಲಿಗಳನ್ನು ಮುಟ್ಟಲೂ ಸಂಕೋಚ. ಆಮೇಲೆ ಅಭ್ಯಾಸವಾಯಿತು. ಬಿಸಿನೀರಿನಲ್ಲಿ ಬಾಟಲಿ ಇಟ್ಟು ಹದ ಮಾಡಿ, ತನ್ನ ತವರಿನ ಬೆಳ್ಳಿಯ ಒಳಲೆಗೆ ಬಗ್ಗಿಸಿ, ಉಮರನ ಬಾಯಿಗೆ ಹನಿಹನಿಯಾಗಿ ಹಾಕುತ್ತಿದ್ದಳು. ಎರಡೇ ತಿಂಗಳಲ್ಲಿ ಅದು ‘ಫ್ರಿಜ್ ಹಾಲು’ ಆಗಿಹೋಯಿತು, ನಂದಿನಿ ಪ್ಯಾಕೆಟ್ಟಿನ ಪಕ್ಕದಲ್ಲಿ ಇನ್ನೊಂದು ಹಾಲು.

ಕುಬ್ರಾಗೆ ಒಂದು ಆಸೆಯಿತ್ತು. ತರೀಕೆರೆಗೆ ಕೊಟ್ಟ ಮಗಳು ಶಿರೀನ್ ತಾಜ್‌ಗೆ, ಉಮರ್ ಹುಟ್ಟಿದ ಎರಡು ತಿಂಗಳಿಗೆ ಹೆಣ್ಣು ಮಗುವಾಯಿತು. ಹೆಸರು ಮಿಸ್ಬಾ. ಆಸ್ಪತ್ರೆಯಲ್ಲೇ ಕುಬ್ರಾ ಕೂಸಿನ ಕೈಗೆ ಬೆಳ್ಳಿ ಬಳೆ ತೊಡಿಸಿ, “ಇವಳು ನನ್ನ ಉಮರಂಗೆ,” ಎಂದುಬಿಟ್ಟಿದ್ದಳು. ಅಣ್ಣ ತಂಗಿಯರ ಮಕ್ಕಳು ಮದುವೆಯಾಗುವುದು ಆ ಮನೆಗಳಲ್ಲಿ ಹೊಸದೇನಲ್ಲ. ಶಿರೀನ್‌ಗೂ ಅದು ಇಷ್ಟ. ಜುಲ್ಫಿಕರ್ ತಂಗಿಯ ಗಂಡನಿಗೆ ಫೋನ್ ಮಾಡಿದಾಗಲೆಲ್ಲ ‘ಏನು ಬೀಗರೇ’ ಎನ್ನುತ್ತಿದ್ದ. ನೂರೈನ್ ಮಾತ್ರ, “ಮೊದ್ಲು ಇಬ್ರೂ ನಡಿಯೋದು ಕಲೀಲಿ,” ಎಂದು ನಗುತ್ತಿದ್ದಳು.

ಆ ಸೋಮವಾರ ಶಿರೀನ್ ಮಗುವಿನೊಂದಿಗೆ ತವರಿಗೆ ಬಂದಳು. ಬುಧವಾರ ಜ್ವರ ಹಿಡಿಯಿತು. ಗುರುವಾರ ಹಗಲಿಡೀ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಅಂದು ಸಂಜೆ ನೂರೈನ್ ಫ್ರಿಜ್ ತೆಗೆದರೆ ಎರಡು ಬಾಟಲಿ ಕಡಿಮೆ. ಕೇಳಿದರೆ ಕುಬ್ರಾ, “ಕೈ ಜಾರಿ ಚೆಲ್ಲೋಯ್ತು ಕಣೇ,” ಎಂದಳು. ಇಸಿಜಿ ಕೋಣೆಯಲ್ಲಿ ಎರಡು ಸಲ ಕೂತು ತೆಗೆದ ಹಾಲು ಅದು. ನೂರೈನ್ ಅತ್ತೆಯ ಮುಖ ನೋಡಿ ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಶಿರೀನ್ ಊರಿಗೆ ಹೊರಟಿದ್ದಳು. ಅಂಗಳದಲ್ಲಿ ಮಗುವಿಗೆ ಟೋಪಿ ಕಟ್ಟುತ್ತ ಆಟೋ ಕಾಯುತ್ತಿದ್ದಳು. ಒಳಗೆ ಮಾವ ಮಹಮ್ಮದ್ ಹನೀಫ್ ರೊಟ್ಟಿ ಮುರಿಯುತ್ತ ಕೂತಿದ್ದರು. ರೈಲ್ವೆಯಿಂದ ನಿವೃತ್ತರಾದವರು, ಐದು ಹೊತ್ತೂ ಮಸೀದಿಗೆ ಹೋಗುವವರು, ತಮಾಷೆಯ ಮನುಷ್ಯ. ಆ ಮನೆಯ ಮಾತು ದಖನಿ ಉರ್ದುವಾದರೂ ತಮಾಷೆ, ಜಗಳ ಎರಡೂ ಕನ್ನಡಕ್ಕೆ ಜಾರುತ್ತಿದ್ದವು.

“ಏನಮ್ಮಾ ನೂರೈನ್, ನಿನ್ನ ಹಾಲಿಗೊಂದು ಡೈರಿ ಇಡಬೌದು ನೋಡು,” ಎಂದರು ಮಾವ. “ಗುರುವಾರ ಆ ಮಿಸ್ಬಾ ಪುಡಿ ಹಾಲು ಬಾಯಿಗೆ ಹಾಕಿದ್ರೆ ನನ್ನ ಗಡ್ಡದ ಮೇಲೇ ಉಗುಳ್ತಿದ್ಲು. ನಿಮ್ಮತ್ತೆ ನಿನ್ನ ಬಾಟ್ಲಿ ತೆಗೆದು ಒಳಲೇಲಿ ಹಾಕಿದ್ಲು ನೋಡು, ಗಟಗಟ ಅಂತ...”

ನಗುತ್ತಿದ್ದ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಕೈಯಲ್ಲಿದ್ದ ರೊಟ್ಟಿಯ ಚೂರು ತಟ್ಟೆಗೆ ಬಿತ್ತು. ತಾನು ಏನು ಹೇಳಿದೆನೆಂಬುದು ಆ ಮುದುಕರಿಗೆ ಹೇಳಿದ ಮೇಲೆ ಹೊಳೆದಿತ್ತು.

ಒಬ್ಬ ತಾಯಿಯ ಹಾಲು ಕುಡಿದ ಕೂಸುಗಳು ಒಡಹುಟ್ಟಿದವರಿಗೆ ಸಮ, ಅವರ ನಡುವೆ ಮದುವೆ ಎಂದೂ ಕೂಡದು. ನೂರೈನ್ ಚಿಕ್ಕಂದಿನಿಂದ ಕೇಳಿ ಬೆಳೆದದ್ದು ಅದು. ಅಂಗಳದಲ್ಲಿ ಟೋಪಿ ಕಟ್ಟಿಸಿಕೊಳ್ಳುತ್ತಿರುವ ಮಗು ಈಗ ಉಮರನ ತಂಗಿ. ಮೂರು ದಿನದಿಂದ ತಂಗಿ. ಅದು ಆ ತಾಯಿಗೂ ಗೊತ್ತಿಲ್ಲ, ಹಾಲು ಕೊಟ್ಟ ತನಗೂ ಗೊತ್ತಿರಲಿಲ್ಲ.

ಕುಬ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಫ್ರಿಜ್ ಹಾಲು ಕಣ್ರೀ ಅದು! ಎದೆಗೆ ಹಾಕ್ಲಿಲ್ವಲ್ಲ ಅವಳು. ಮಗು ಅತ್ತು ಅತ್ತು ನೀಲಿಯಾಗಿತ್ತು...”

“ಹಾಲು ಯಾರ್ದು, ಫ್ರಿಜ್‌ದಾ?” ಎಂದರು ಹನೀಫ್. ದನಿ ಏರಲಿಲ್ಲ. “ಒಳಲೇಲಿ ಕುಡುದ್ರೂ ಹೊಟ್ಟೆಗೇ ಅಲ್ವೇನೆ ಹೋಗೋದು? ಒಂದು ಗುಟುಕು ಸಾಕು. ನೀನು ಎರಡು ಬಾಟ್ಲಿ ಹಾಕಿದೀಯ.”

ಕುಬ್ರಾ ಬಾಗಿಲಿನ ಚೌಕಟ್ಟು ಹಿಡಿದು ಕೆಳಗೆ ಕೂತಳು. ಬಳೆ ತೊಡಿಸಿದ ಕೈಯೇ ಹಾಲನ್ನೂ ಹಾಕಿತ್ತು. ಗುರುವಾರ ಸಂಜೆಯೇ ಆಕೆಗೆ ಅನುಮಾನ ಹತ್ತಿತ್ತು, ಅದಕ್ಕೇ ಚೆಲ್ಲಿತು ಎಂದದ್ದು. ಅದು ನೂರೈನಳಿಗೆ ಆಕೆಯ ಮುಖದಲ್ಲೇ ಕಂಡಿತು.

“ನಾವ್ ಮೂರೇ ಜನಕ್ಕೆ ಗೊತ್ತು,” ಎಂದಳು ಕುಬ್ರಾ. “ಶಿರೀನ್‌ಗೆ ಹೇಳ್ಬೇಡಿ. ಅಳಿಯನ ಮನೇಲಿ ನನ್ನ ಮಾನ ಹೋಗುತ್ತೆ. ಮಕ್ಕಳು ದೊಡ್ಡೋರಾದಾಗ ಏನೋ ನೆಪ ಹೇಳಿ ತಪ್ಪಿಸಿದ್ರಾಯ್ತು.”

“ಅಷ್ಟೊತ್ತಿಗೆ ನಾವು ಇರ್ತೀವೇನೇ?” ಎಂದರು ಹನೀಫ್.

ನೂರೈನ್ ಲೆಕ್ಕ ಹಾಕಿದಳು. ಇಪ್ಪತ್ತು ವರ್ಷ. ಈ ಇಬ್ಬರು ಹೋದ ಮೇಲೆ ಗೊತ್ತಿರುವವಳು ತಾನೊಬ್ಬಳೇ. ತಾನೂ ಇಲ್ಲದಿದ್ದರೆ? ಆ ಮಕ್ಕಳು ಒಂದೇ ಚಾಪೆಯ ಮೇಲೆ ನಿಕಾಹ್‌ಗೆ ಕೂತರೆ? ಅವಳು ಬಾಗಿಲ ಕಡೆ ಹೆಜ್ಜೆ ಇಟ್ಟಳು.

ಕುಬ್ರಾ ಸೆರಗು ಹಿಡಿದೆಳೆದಳು. ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಇರಲಿಲ್ಲ.

“ಹೇಳ್ತೀಯಾ, ಹೇಳು. ನಾಳೆಯಿಂದ ನಿನ್ನ ಬಾಟ್ಲಿ ನಾ ಮುಟ್ಟಲ್ಲ. ಮನೇಲಿ ಕೂತು ನಿನ್ನ ಮಗಂಗೆ ನೀನೇ ಕುಡಿಸು. ಯಾವ ಲ್ಯಾಬಿಗೆ ಹೋಗ್ತೀಯೋ ನೋಡ್ತೀನಿ.”

ಎರಡು ತಿಂಗಳ ಹಿಂದೆ ಬ್ಯಾಗನ್ನು ಕೈಗೆ ಕೊಟ್ಟವಳು ಇವಳೇ. ನೂರೈನ್ ಅತ್ತೆಯನ್ನು ಕಣ್ಣು ಕಣ್ಣು ಬಿಟ್ಟು ನೋಡಿದಳು. ಇಸಿಜಿ ಕೋಣೆಯ ಪರದೆ, ಬಾಗಿಲಲ್ಲಿ ನಯನ, ಮಡಿಲ ಬ್ಯಾಗು, ಎಲ್ಲವೂ ಕಣ್ಣ ಮುಂದೆ ಹಾದುಹೋದವು. ಸ್ಟೇಷನ್ ಕಡೆ ಇನ್ನೊಂದು ಗೂಡ್ಸಿನ ಡಬ್ಬಿಗಳು ಢಣ್ ಎಂದವು. ಎದೆಯಲ್ಲಿ ಏನೂ ಇಳಿಯಲಿಲ್ಲ.

ಹೊರಗೆ ಆಟೋ ಬಂದು ನಿಂತಿತು. “ಭಾಭೀ, ಬತ್ತೀನಿ,” ಎಂದು ಶಿರೀನ್ ಕೂಗಿದಳು. “ಉಮರ್ ಎಲ್ಲಿ? ತನ್ನ ದುಲ್ಹನ್‌ನ ಕಳಿಸಿಕೊಡಲ್ವಂತಾ ಸಾಹೇಬ್ರು?”

ತೊಟ್ಟಿಲಲ್ಲಿದ್ದ ಉಮರನನ್ನು ನೂರೈನ್ ಎತ್ತಿ ಕಂಕುಳಿಗೆ ಹಾಕಿಕೊಂಡಳು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆರಗು ಎಳೆದುಕೊಂಡಳು. ಹನೀಫ್ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು.

“ಶಿರೀನ್, ಆಟೋ ಹತ್ತಬೇಡ,” ಎಂದಳು ನೂರೈನ್ ಹೊಸ್ತಿಲು ದಾಟುತ್ತ. “ಗುರುವಾರ ನೀನು ಆಸ್ಪತ್ರೇಲಿದ್ದಾಗ ಮಿಸ್ಬಾ ಕುಡಿದ ಹಾಲು ನನ್ನದು. ಇವರಿಬ್ರೂ ಈಗ ಅಣ್ಣ ತಂಗಿ.”