ಆ ಬೀಸುಕಲ್ಲು ವಾಡೆಯದಲ್ಲ

ಒಬ್ಬ ಹೆಂಗಸು ಇನ್ನೂರು ಜನರ ಎದುರು ಕನ್ನಡದಲ್ಲಿ ಆಡಿದ ಮಾತನ್ನು ನಾನು ತಪ್ಪಾಗಿ ಮರಾಠಿಗೆ ತಿರುಗಿಸಿದೆ. ಬಾಯಿ ತಪ್ಪಿ ಅಲ್ಲ, ಅರ್ಥವಾಗದೆಯೂ ಅಲ್ಲ — ಬೇಕೆಂದೇ. ಆಕೆ ತನ್ನ ವಸ್ತುವನ್ನು ಕೇಳಿದಳು. ಆಕೆ ನಮ್ಮನ್ನೆಲ್ಲ ಹರಸುತ್ತಿದ್ದಾಳೆ ಎಂದು ನಾನು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಇದಾಗಿ ಆರು ವರ್ಷ. ಹೆಂಡತಿಗೆ ಕೂಡ ಹೇಳಿದ್ದು ಕಳೆದ ತಿಂಗಳು, ಅದೂ ಅವಳಾಗಿ ಕೆದಕಿದ ಮೇಲೆ — ಇರಲಿ, ಅದು ಮುಂದೆ ಬರುತ್ತದೆ.

ನಾನು ಹಾಸನದ ಕಡೆಯವನು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಕಾರ್ಖಾನೆಯೊಂದರಲ್ಲಿ ಸಿದ್ಧ ಮಾಲಿನ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದೆ; ಎಂದರೆ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ವಿಮಾನ ನಗರದಿಂದ ಸ್ವಲ್ಪ ಆಚೆ ನಮ್ಮ ವಸತಿ ಸೊಸೈಟಿ. ಐದಾರು ಸೊಸೈಟಿಗಳು ಸೇರಿ ಜನವರಿಯಲ್ಲಿ ಒಂದು ದಿನ ಈ ಭಾಗದ ಇತಿಹಾಸದ ಹಬ್ಬ ಮಾಡುತ್ತೇವೆ. ಹಳೆಯ ಫೋಟೋಗಳು, ಹಳೆಯ ಪಾತ್ರೆಗಳು, ಮಕ್ಕಳು ಹಾಡುವ ಮರಾಠಿ ವೀರಗೀತೆ ಪೋವಾಡ, ಮಧ್ಯಾಹ್ನದ ಊಟಕ್ಕೆ ಪಿಠಲೆ-ಭಾಕರಿ. ನಮಗೆ ಕೋಟೆಯಿಲ್ಲ, ಹೊಳೆಯಿಲ್ಲ. ಕಟ್ಟಡಗಳೆಲ್ಲ ನಿನ್ನೆ ಮೊನ್ನೆಯವು. ಅದಕ್ಕೇ ಇತಿಹಾಸದ ಹಸಿವು ಜಾಸ್ತಿ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ನಾಲ್ಕು ಪುಸ್ತಕ ಓದಿದ್ದ ನಾನು ಹಬ್ಬದ ಸಮಿತಿಯ ಇತಿಹಾಸಕಾರನಾದೆ.

ಕನ್ನಡದವನೊಬ್ಬ ಇವರ ಊರಿನ ಇತಿಹಾಸ ಇವರಿಗೇ ಹೇಳುತ್ತಾನೆ ಎಂದು ಎಲ್ಲರಿಗೂ ಮೆಚ್ಚುಗೆ. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆ, ನನ್ನ ಮೇಲೆಯೇ.

ಆ ವರ್ಷ ಹಬ್ಬಕ್ಕೆ ಎರಡು ತಿಂಗಳು ಮೊದಲು, ಪೈಪು ದುರಸ್ತಿಗೆ ಪಂಪ್ ಮನೆಯ ಹಿಂದೆ ಅಗೆದಾಗ ಒಂದು ಬೀಸುಕಲ್ಲು ಸಿಕ್ಕಿತು. ಕಪ್ಪು ಕಲ್ಲು, ಚೆನ್ನಾಗಿ ಸವೆದದ್ದು. ಕಾಲೋನಿ ಏಳುವ ಮೊದಲು ಇಲ್ಲಿದ್ದ ಹಳ್ಳಿಯ ಪಾಟೀಲರ ದೊಡ್ಡ ಮನೆ, ಅಂದರೆ ವಾಡೆ, ಇದೇ ಜಾಗದಲ್ಲಿತ್ತೆಂದು ಯಾರೋ ಹೇಳಿದ್ದರು. ನನಗೆ ಅಷ್ಟು ಸಾಕಾಯಿತು. 'ಪಾಟೀಲರ ವಾಡೆಯ ಬೀಸುಕಲ್ಲು, ನೂರು ವರ್ಷಕ್ಕೂ ಹಳೆಯದು' ಎಂದು ಮರಾಠಿಯಲ್ಲಿ ಫಲಕ ಬರೆಸಿದೆ. ಗೇಟಿನ ಬಳಿ ಕಟ್ಟೆ ಕಟ್ಟಿಸಿ ಅದರ ಮೇಲೆ ಕಲ್ಲನ್ನು ಕೂರಿಸಿದೆವು. ಸ್ಥಳೀಯ ಪತ್ರಿಕೆಯಲ್ಲಿ ಕಲ್ಲಿನ ಪಕ್ಕ ನಾನು ಕೈಕಟ್ಟಿ ನಿಂತ ಫೋಟೋ ಬಂತು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಮೇಲಿನ ಕಲ್ಲು ಒಂದು ಕಡೆ ಬಿರುಕು ಬಿಟ್ಟಿತ್ತು, ಅದು ಒಡೆಯದ ಹಾಗೆ ಸುತ್ತಲೂ ಕಬ್ಬಿಣದ ಬಳೆ ಹಾಕಿದ್ದರು. ಆ ಬಳೆ — ಸ್ಲ್ಯಾಬಿಗೆ ಹಾಕುವ ಗೀರುಗೀರು ಸರಳನ್ನು ಬಗ್ಗಿಸಿ ಮಾಡಿದ್ದು. ಇಪ್ಪತ್ತು ವರ್ಷ ತಪಾಸಣೆ ಮಾಡಿದ ಕಣ್ಣಿಗೆ ಅದು ಕಾಣದೆ ಇರುತ್ತದೆಯೇ? ನೂರು ವರ್ಷದ ಹಿಂದಿನ ವಾಡೆಯಲ್ಲಿ ಅಂಥ ಸರಳು ಎಲ್ಲಿಂದ ಬರಬೇಕು! ಕಂಡೆ. ಕಂಡು, ಬಳೆಯ ಮೇಲೆ ಚೆಂಡುಹೂವಿನ ಹಾರ ಸುತ್ತಿಸಿದೆ.

ಹಬ್ಬದ ದಿನ 'ಈ ಭಾಗವನ್ನು ಕಟ್ಟಿದವರು' ಎಂಬ ಒಂದು ಹೊಸ ಕಾರ್ಯಕ್ರಮವಿತ್ತು. ಕಟ್ಟಡ ಏಳುವಾಗ ಇಲ್ಲಿ ದುಡಿದ ಯಾರನ್ನಾದರೂ ಕರೆದು ಸನ್ಮಾನ ಮಾಡುವುದು. ಅದೂ ನನ್ನದೇ ಸಲಹೆ. ವಾಚಮನ್ ಹುಡುಕಿ ಕರೆತಂದದ್ದು ಭೀಮವ್ವನನ್ನು. ಯಾದಗಿರಿ ಕಡೆಯ ಹೆಂಗಸು, ಅರವತ್ತರ ಆಸುಪಾಸು. ಗಂಡ ಸಾಬಣ್ಣ ಗೋಡೆ ಕಟ್ಟುವ ಗೌಂಡಿ, ಈಕೆ ಇಟ್ಟಿಗೆ ಹೊತ್ತವಳು. ನಮ್ಮ ಏಳು ಮಹಡಿಗೂ ಇಬ್ಬರೂ ಬೆವರು ಸುರಿಸಿದವರು. ಈಗ ಪಕ್ಕದ ಸೊಸೈಟಿಯೊಂದರಲ್ಲಿ ಮೆಟ್ಟಿಲು ಗುಡಿಸುತ್ತಿದ್ದಳು. ವೇದಿಕೆ ಹತ್ತುವ ಮೊದಲು ನಾನೇ ದೊಡ್ಡದಾಗಿ ಹೇಳಿದೆ: "ಕನ್ನಡದಲ್ಲೇ ಮಾತಾಡಿ ಭೀಮವ್ವ. ಮರಾಠಿಗೆ ನಾನು ಹೇಳ್ತೀನಿ." ಭಾಷಾಭಿಮಾನ ಮೆರೆದೆ ಎಂಬ ಖುಷಿ ನನಗೆ.

ಗೇಟಿನಿಂದ ಒಳಗೆ ಬರುವಾಗ ಆಕೆ ಕಲ್ಲನ್ನು ನೋಡಿದ್ದಳು. ಹಾರ ಸರಿಸಿಯೂ ನೋಡಿದ್ದಳಂತೆ. ಅದು ನನಗೆ ಆಮೇಲೆ ಗೊತ್ತಾದದ್ದು.

ಮೈಕು ಹಿಡಿದು ಆಕೆ ಹೇಳಿದ್ದು ಇಷ್ಟು — ಒಂದು ಅಕ್ಷರವೂ ಮರೆತಿಲ್ಲ:

"ಆ ಬೀಸುಕಲ್ಲು ನಂದದರಿ. ನಮ್ಮತ್ತಿ ಕೊಟ್ಟಿದ್ದು. ಊರಿಂದ ಲಾರ್‍ಯಾಗ ಹೇರ್ಕೊಂಡು ಬಂದಿದ್ವಿ. ಇಲ್ಲಿ ನಮ್ಮ ಗುಡಸಲ ಕೀಳಸೂ ಮುಂದ ಇಡಾಕ ಜಾಗ ಇರ್ಲಿಲ್ಲ, ಹಿಂದ ಇಟ್ಟು ಹೋದೆ. ತಿರುಗಿ ಬರೂದ್ರಾಗ ಗ್ವಾಡಿ ಎದ್ದಿತ್ತು. ಮುಂದಿನ ತಿಂಗಳ ಮೊಮ್ಮಗಳ ಮದಿವಿ ಅದ. ಮದಿವಿ ಅರಿಶಿಣ ಮನಿ ಕಲ್ಲಿನ್ಯಾಗ ಬೀಸಬೇಕ್ರಿ. ಐದು ದಿನ ಕೊಡ್ರಿ, ತಿರುಗಿ ತಂದಿಡ್ತೀನಿ. ಮಂದಿ ನೋಡ್ಲಿ, ನನಗೂ ಭಾಳ ಖುಷಿ ಅದ."

ಐದು ದಿನ. ತನ್ನದೇ ಕಲ್ಲನ್ನು ಐದು ದಿನಕ್ಕೆ ಕೇಳಿದಳು.

ನಾನು ಏನು ಮಾಡಬಹುದಿತ್ತು? ಮುಂದಿನ ಸಾಲಿನಲ್ಲಿ ಪಾಟೀಲರ ಮನೆತನದ ಹಿರಿಯರು ಕೂತಿದ್ದರು, ಅವರ ಕೈಯಿಂದಲೇ ಅರ್ಧ ಗಂಟೆ ಮೊದಲು ನನಗೆ ಶಾಲು ಹೊದಿಸಿದ್ದರು. ಶಾಲು ಇನ್ನೂ ಹೆಗಲ ಮೇಲಿತ್ತು. ನಾನು ಮರಾಠಿಯಲ್ಲಿ ಹೇಳಿದೆ: "ಇಂಥದೇ ಒಂದು ಕಲ್ಲು ಇವರ ಊರಿನಲ್ಲಿಯೂ ಇತ್ತಂತೆ. ನೋಡಿ ಅತ್ತೆಮನೆ ನೆನಪಾಯಿತಂತೆ. ಮೊಮ್ಮಗಳ ಮದುವೆ ಇದೆ, ನಿಮ್ಮೆಲ್ಲರ ಮನೆಯಲ್ಲೂ ಶುಭ ಕಾರ್ಯ ನಡೆಯಲಿ ಎಂದು ಹರಸುತ್ತಿದ್ದಾರೆ."

ಎಂಥ ಚಪ್ಪಾಳೆ! ಭೀಮವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಜನರಿಗೆ ಕೈಮುಗಿದು, ಕೊಟ್ಟ ಸೀರೆ ತೆಂಗಿನಕಾಯಿ ತೆಗೆದುಕೊಂಡು ಕೆಳಗಿಳಿದಳು. ಪಾಪ, ಏನೂ ತಿಳಿಯಲಿಲ್ಲ ಎಂದುಕೊಂಡೆ ನಾನು.

ಸಮಿತಿಯ ಜೋಶಿ ಕಾಕಾ ಚಹಾ ಕುಡಿಯುವಾಗ ಕೇಳಿದರು — ಆಕೆ ಬೆರಳು ತೋರಿಸಿ ಏನೋ ಕೇಳಿದ ಹಾಗಿತ್ತಲ್ಲ? ನಾನು ನಕ್ಕೆ. ಅವರದು ಬೇರೆ ಕನ್ನಡ ಕಾಕಾ, ನಮ್ಮ ಕಡೆಯವರಿಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ ಅಂದೆ. ನನ್ನ ಹೆಂಡತಿ ಗಿರಿಜಾ ವಿಜಯಪುರದವಳು. ಮದುವೆಯಾದ ದಿನದಿಂದ ಆ ಕನ್ನಡದಲ್ಲೇ ಬೈಸಿಕೊಂಡು ಬದುಕಿದವನು ನಾನು! ಆ ದಿನ ಅವಳು ಸೋಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದಳು. ಇದ್ದಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು.

ಎರಡು ದಿನದ ನಂತರ ಬೆಳಗ್ಗೆ ವಾಚಮನ್ ಇಂಟರ್‌ಕಾಮ್ ಮಾಡಿದ. ಭೀಮವ್ವ ಬಂದಿದ್ದಾಳೆ, ನಿಮ್ಮನ್ನೇ ಕೇಳುತ್ತಿದ್ದಾಳೆ. ನಾನು — ಸಾಹೇಬರು ಮನೆಯಲ್ಲಿಲ್ಲ ಎಂದು ಹೇಳು ಅಂದೆ. ಸಾಹೇಬರೇ ಹಾಗೆ ಹೇಳಿದಾಗ ಅವನಿಗೆ ನಗು ಬಂದಿರಬೇಕು. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಚಾದರದ ಹಿಂದೆ ನಿಂತು ನೋಡಿದೆ. ಆಕೆ ಕಟ್ಟೆಯ ಬಳಿ ಸುಮಾರು ಹೊತ್ತು ನಿಂತಳು. ಕಲ್ಲಿನ ಮೇಲೆ ಕೈ ಆಡಿಸಿದಳು. ಹೋದಳು.

ಆಮೇಲಿನ ಆರು ವರ್ಷ ನಾನು ಬೆಂಕಿಯಲ್ಲಿ ಬೆಂದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಚೆನ್ನಾಗಿಯೇ ಇದ್ದೆ. ಹಬ್ಬ ಬೆಳೆಯಿತು. ನಡುವೆ ಎರಡು ವರ್ಷ ನಿಂತಿತ್ತು, ಮತ್ತೆ ಶುರುವಾದಾಗ ಜನ ದುಪ್ಪಟ್ಟು ಬಂದರು. ಮಕ್ಕಳು ಕಲ್ಲಿನ ಚಿತ್ರ ಬರೆದು ಬಹುಮಾನ ಪಡೆದರು. ಬೆಳಗಿನ ವಾಕಿಂಗ್, ಸಂಜೆ ಗೆಳೆಯರು, ಭಾನುವಾರ ಗಿರಿಜಾಳ ಜೋಳದ ರೊಟ್ಟಿ — ಸುಖವಾಗಿಯೇ ನಡೆಯಿತು ಬದುಕು. ಒಂದು ಮಾತ್ರ: ಭೀಮವ್ವ ಕೆಲಸ ಮಾಡುವ ಸೊಸೈಟಿ ನಮ್ಮಿಂದ ಮೂರೇ ಗಲ್ಲಿ ಆಚೆ. ಆ ಗಲ್ಲಿಗೆ ನಾನು ಹೋಗುತ್ತಿರಲಿಲ್ಲ. ಅಲ್ಲಿ ನಾಯಿಗಳ ಕಾಟ ಎಂದು ಗೆಳೆಯರಿಗೆ ಹೇಳಿದ್ದೆ.

ಕಳೆದ ತಿಂಗಳು ಮಗಳು ಮೇಘಾಳ ಮದುವೆ. ಗಿರಿಜಾಳಿಗೆ ಅರಿಶಿನ ಬೀಸುವ ಶಾಸ್ತ್ರ ಆಗಲೇಬೇಕು. "ಗೇಟಿನ ಕಲ್ಲ್ ತರಸ್ರಿ. ಇಷ್ಟ್ ವರ್ಷ ಹಬ್ಬಾ ಹಬ್ಬಾ ಅಂತ ಕುಣದೀರಿ, ಒಂದ್ ಕಲ್ಲ್ ಕೊಡೂದಿಲ್ಲೇನ್ ನಿಮ್ಮ ಕಮಿಟಿ?" ಕಮಿಟಿ ನಗುನಗುತ್ತಾ ಕೊಟ್ಟಿತು. ನಾಲ್ವರು ಗಂಡಸರು ಲಿಫ್ಟಿನಲ್ಲಿ ಹಾಕಿ ಮೇಲೆ ತಂದರು. ಕೇಳಿದ ಐದೇ ನಿಮಿಷಕ್ಕೆ ನನಗೆ ಕಲ್ಲು ಸಿಕ್ಕಿತು!

ಹಾಲಿನಲ್ಲಿ ಕಲ್ಲು ಕೂರಿಸಿ, ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅರಿಶಿನ ಕೊಂಬು ಕಟ್ಟಿದ ದಾರದ ಕಂಕಣ ಕಟ್ಟಿದರು. ಗಿರಿಜಾ, ಅವಳ ತಂಗಿ, ಅಕ್ಕಪಕ್ಕದ ಮೂವರು ಹೆಂಗಸರು ಸುತ್ತ ಕೂತಿದ್ದರು. ಗಿರಿಜಾ ಗೂಟಕ್ಕೆ ಕೈ ಹಾಕುವವಳು ತಡೆದು ಬಳೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಇದು ಸ್ಲ್ಯಾಬಿನ ಸಳಿ ಅಲ್ಲೇನ್ರಿ? ವಾಡೇದ ಕಲ್ಲಿಗೆ ಇದ್ಯಾಕ ಬಂತು?"

ಮತ್ತೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು — ಆಮೇಲೆ ಯಾರೋ ಹಾಕಿಸಿರಬೇಕು, ಅಂತ. ಹಳದಿ ಸೀರೆ ಉಟ್ಟು ಮಗಳು ಎದುರಿಗೆ ಕೂತಿದ್ದಳು. ಆಗಲಿಲ್ಲ. ಗಿರಿಜಾಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಕೈಗೆ ಹತ್ತಿದ್ದ ಕೆಮ್ಮಣ್ಣು ತೊಳೆದುಕೊಂಡಳು.

"ಮದ್ಲ ಆಕಿನ್ನ ಕರ್ಕೊಂಡು ಬರ್ರಿ," ಅಂದಳು. "ಅಲ್ಲೀತನ ಆ ಕಲ್ಲಿಗೆ ಯಾರೂ ಕೈ ಹಚ್ಚಂಗಿಲ್ಲ."

ಮೂರು ಗಲ್ಲಿ ದಾಟಿ ಹೋದೆ. ನಾಯಿಗಳು ಇರಲಿಲ್ಲ. ಭೀಮವ್ವ ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟಳಂತೆ. ಅಲ್ಲಿಯ ವಾಚಮನ್ ಮನೆಯ ಗುರುತು ಹೇಳಿದ: ಲೋಹಗಾಂವ್ ಕಡೆ, ತಗಡಿನ ಸಾಲುಮನೆ. ಹೋದಾಗ ಬಾಗಿಲಲ್ಲೇ ಕೂತು ಮೆಂತ್ಯ ಸೋಸುತ್ತಿದ್ದಳು. ಒಳಗೆ ಮಂಚದ ಮೇಲೆ ಸಾಬಣ್ಣ. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು, "ಬರ್ರಿ" ಅಂದಳು.

ನಿಂತುಕೊಂಡೇ ಹೇಳಿದೆ. ಆ ದಿನ ನೀವು ಹೇಳಿದ್ದನ್ನು ನಾನು ಹೇಳಲಿಲ್ಲ ಭೀಮವ್ವ, ಬೇರೆ ಏನೋ ಹೇಳಿದೆ, ನಿಮಗೆ ಗೊತ್ತಾಗಲಿಲ್ಲ...

"ಗೊತ್ತದರಿ."

ಆಕೆ ಮೆಂತ್ಯದ ಕಡ್ಡಿ ಬೇರೆ ಮಾಡುತ್ತಲೇ ಇದ್ದಳು.

"ಮರಾಠಿ ಬರೂದಿಲ್ಲಂದ್ರ ಮೂವತ್ತು ವರ್ಷ ಕೆಲಸ ಮಾಡ್ಸೂ ಮುಕಾದಮನ ಕೂಡ ಕೈಸನ್ನಿ ಮಾಡಿ ಮಾತಾಡೀನೇನ್ರಿ? ನೀವ ಕನ್ನಡ ಮಾತಾಡಂದ್ರಿ, ಮಾತಾಡ್ದೆ. ನಿಮ್ಮ ಮಾತು ಕೇಳಿ ಮರಾಠಿಲೇ ಹೇಳಿಬಿಡ್ಲೇನು ಅನಿಸ್ತು. ಆದ್ರ ನಮ್ಮ ಮಂದಿ ಅದೀರಿ. ಶಾಲು ಹೊತ್ತು ನಿಂತೀರಿ. ನಾಕು ಮಂದ್ಯಾಗ ಮಾನ ತಗೀಬಾರ್ದಂತ ಬಿಟ್ಟೆ." ಇನ್ನೊಂದು ಕಡ್ಡಿ ಎತ್ತಿಕೊಂಡು ಹೇಳಿದಳು: "ಒಬ್ಬರ ಇದ್ದಾಗ ಕೇಳಿದ್ರ ಕೊಡ್ತಾರಂತ ಎರಡು ದಿನ ಬಿಟ್ಟು ಬಂದೆ. ಮ್ಯಾಲ ಚಾದರ ಹಿಂದ ನಿಂತಿದ್ರಿ. ಕಾಲು ಕಾಣಸ್ತಿದ್ವು."

ಇದನ್ನು ಆಕೆ ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹವಾಮಾನ ಹೇಳಿದ ಹಾಗೆ ಹೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಹೋಗಲೇ ಇಲ್ಲ — ಆರು ವರ್ಷ ಆಕೆ ಅದನ್ನು ಕಾಯ್ದಿದ್ದಳು. ಅಳು ಬಂತು. ಅತ್ತುಬಿಟ್ಟೆ.

ಮೊಮ್ಮಗಳ ಮದುವೆಗೆ ಏನು ಮಾಡಿದಿರಿ ಎಂದು ಕೇಳಿದೆ, ಕೇಳಬಾರದಿತ್ತೇನೋ. "ಅಂಗಡ್ಯಾನ ಪಾಕೀಟು ತಂದ್ವಿ," ಅಂದಳು. ಒಳಗಿನಿಂದ ಸಾಬಣ್ಣ ಒಂದೇ ಮಾತು ಕೇಳಿದ: "ನಾ ಹಾಕಿದ ಬಳಿ ಇನ್ನೂ ಗಟ್ಟಿ ಅದನ್ರಿ?" ಗಟ್ಟಿ ಇದೆ ಅಂದೆ. ಅವನು ತಲೆಯಾಡಿಸಿದ.

ಮಗಳ ಮದುವೆಗೆಂದು ಕಂಕಣ ಕಟ್ಟಿ ಮನೆಯಲ್ಲಿ ಕೂರಿಸಿದ್ದೇವೆ, ಕಲ್ಲನ್ನು ಈಗಲೇ ತಂದುಕೊಡುತ್ತೇನೆ ಅಂದೆ. ಬೇಡ ಅಂದಳು, ಕಂಕಣ ಕಟ್ಟಿದ ಕಲ್ಲನ್ನು ಮದುವೆ ಮುಗಿಯುವ ತನಕ ಕದಲಿಸಬಾರದಂತೆ. ನನ್ನ ಜೊತೆ ಆಟೋದಲ್ಲಿ ಬಂದಳು. ಗಿರಿಜಾ ಬಾಗಿಲಲ್ಲಿ ಆಕೆಯ ಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಂಡಳು. ಮೊದಲ ಹಿಡಿ ಭೀಮವ್ವ ಬೀಸಿದಳು, ಹಾಡುತ್ತಾ ಬೀಸಿದಳು. ಗಿರಿಜಾ ಅವಳ ಎದುರು ಕೂತು ಗೂಟಕ್ಕೆ ಕೈ ಸೇರಿಸಿದಳು. ನನ್ನ ಮಗಳ ಕೆನ್ನೆಗೆ ಆ ಅರಿಶಿನ ಹತ್ತಿತು. ಆಕೆಯ ಮೊಮ್ಮಗಳಿಗೆ ನಾನು ತಪ್ಪಿಸಿದ್ದು ನನ್ನ ಮಗಳಿಗೆ ಸಿಕ್ಕಿತು. ಅದನ್ನು ಬೇಡ ಎನ್ನುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಮನೆ ತುಂಬ ನಗು ಇತ್ತು. ನಾನೂ ಸಂತೋಷವಾಗಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮದುವೆಯ ಮರುದಿನ ಟೆಂಪೋದಲ್ಲಿ ಕಲ್ಲು ಭೀಮವ್ವನ ಮನೆಗೆ ಹೋಯಿತು. ಕಟ್ಟೆ ಖಾಲಿಯಿದೆ. ಎಲ್ಲರೂ ಕೇಳುತ್ತಿದ್ದಾರೆ, ಹಬ್ಬದ ದಿನ ಹೇಳುತ್ತೇನೆ ಅಂದಿದ್ದೇನೆ. ಜೋಶಿ ಕಾಕಾರಿಂದ ಮೈಕಿಗೆ ಹತ್ತು ನಿಮಿಷ ಕೇಳಿಕೊಂಡಿದ್ದೇನೆ. ಬರುವ ವಾರವೇ ಹಬ್ಬ.

ನಿನ್ನೆ ಭೀಮವ್ವನ ಮನೆಗೆ ಹೋಗಿದ್ದೆ. ನೀವೇ ಬಂದು ಆ ದಿನ ಹೇಳಿದ್ದನ್ನು ಮತ್ತೊಮ್ಮೆ ಹೇಳಿ, ಈ ಸಲ ನಾನು ಸರಿಯಾಗಿ ಮರಾಠಿಗೆ ಹೇಳುತ್ತೇನೆ ಎಂದೆ. ಬರುತ್ತೇನೆ ಅಂದಳು, ಊಟಕ್ಕೂ ಇರುತ್ತೇನೆ ಅಂದಳು. ಮೈಕಿಗೆ ಮಾತ್ರ ಒಪ್ಪಲಿಲ್ಲ.

"ನಾ ಹೇಳೂದು ಅವತ್ತ ಹೇಳೀನ್ರಿ," ಅಂದಳು. "ಈಗ ನೀವು ಹೇಳ್ರಿ."

ಹೇಳುತ್ತೇನೆ.